ಎರಡು ಸಲ ನೋಡುವ ಸಲೋತ್ರಿ

ನಾನು ಹತ್ತಿ ಹೊರಟ ತಟ್ಟು ಕುದುರೆ ಎಡವಿ ಬೀಳಬಹುದಿತ್ತು. ಹಳ್ಳಕ್ಕೆ ನೀರು ಬಂದು ನಾನು ಈಚೆ ದಂಡೆಯಲ್ಲೇ ಉಳಿಯಬಹುದಿತ್ತು. ಚೀಲದಲ್ಲಿದ್ದ ಕಾರ್ಬಾಲಿಕ್ ಸೀಸೆ ಒಡೆದು, ತಟ್ಟಿನ ಬೆನ್ನು ಸುಟ್ಟು, ಅದು ನನ್ನನ್ನು ಜಾಲಿ ಕಂಟಿಯೊಳಗೆ ಒಗೆಯಬಹುದಿತ್ತು. ನಾನಿಲ್ಲದ ಹೊತ್ತು ನೋಡಿಯೇ ದೊಡ್ಡ ಸಾಹೇಬರು ಉಮರ್ಗಾದ ದನದ ದವಾಖಾನೆಗೆ ತಪಾಸಣೆಯ ದೌರಾ ಬರಬಹುದಿತ್ತು. ಮೊದಲೇ ಕೆಟ್ಟಿದ್ದ ನನ್ನ ಬಲ ಭುಜ ಆಕಳ ಹೊಟ್ಟೆಯೊಳಗೆ ಇದ್ದಾಗಲೇ ಕೀಲು ಜಾರಬಹುದಿತ್ತು.

ಇವೆಲ್ಲ ಚಿಲ್ಲರೆ ಅಂಜಿಕೆಗಳು. ಸಾಸ್ತೂರದಿಂದ ಆಳು ಬಂದು, "ನೀಲಮ್ಮನ ಅಪ್ಪ ಕರದಾರ್ರಿ, ಆಕಳ ಮೇವು ಬಿಟ್ಟದ," ಎಂದಾಗ ನನಗೆ ಕೇಳಿಸಿದ್ದು ಆಕಳ ಸುದ್ದಿಯಲ್ಲ, ನೀಲಮ್ಮನ ಹೆಸರು. ಆಕೆ ಚೊಚ್ಚಲ ಹೆರಿಗೆಗೆ ದೇವಣಿ ಕಡೆಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಕೂಸಿಗೆ ಹಣೆಯ ನಡುವೆ ಒಂದೇ ಕಣ್ಣಿರಬಹುದಿತ್ತು. ಬೆನ್ನು ಮುಚ್ಚಿರದೆ ಬೆನ್ನುಹುರಿ ಕಾಣುತ್ತಿರಬಹುದಿತ್ತು. ಹೊಟ್ಟೆ ಮುಚ್ಚಿರದೆ ಕರುಳು ಹೊರಗಿರಬಹುದಿತ್ತು. ಅಂಗುಳು ಸೀಳಿ ಹಾಲು ಮೂಗಿನಿಂದ ಇಳಿಯುತ್ತಿರಬಹುದಿತ್ತು. ಹಾಗೇನಾದರೂ ಆಗಿದ್ದರೆ ಸುದ್ದಿ ಇಷ್ಟರಲ್ಲೇ ಬರುತ್ತಿತ್ತಲ್ಲ ಎಂದು ಬುದ್ಧಿ ಹೇಳಿತು. ನಾನು ಬುದ್ಧಿಯ ಮಾತು ಕೇಳುವ ಪೈಕಿಯವನಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಕೇಳುತ್ತಾರೆ, ಸಲೋತ್ರಿಯ ನೌಕರಿ ಹೇಗೆ ಎಂದು. ದನದ ವೈದ್ಯನಿಗೆ ನಿಜಾಮ ಸರ್ಕಾರದಲ್ಲಿ ಸಲೋತ್ರಿ ಎನ್ನುತ್ತಾರೆ. ನಿಲಂಗಾ, ಉದಗೀರ, ಉಮರ್ಗಾ ಮೂರೂ ಕಡೆ ನೌಕರಿ ಮಾಡಿ, ಭುಜ ಪೂರ್ತಿ ಕೈಕೊಟ್ಟ ಮೇಲೆ, ತಲೆ ಇನ್ನೂ ಅರ್ಧ ಕಪ್ಪಿರುವಾಗಲೇ ವಜೀಫಾ ಎನ್ನುವ ಪಿಂಚಣಿ ಮೇಲೆ ಮನೆಗೆ ಬಂದು ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎನ್ನುವುದರಲ್ಲಿ ನಿಮಗೆ ಉಪಯೋಗವಾಗುವುದು ಏನೂ ಇಲ್ಲ. ನನ್ನ ಹತ್ತಿರ ಹೇಳುವಂಥದ್ದು ಇರುವುದು ಅಂಜಿಕೆಯೊಂದೇ.

ನಾನು ಅಯ್ಯನವರ ಮನೆಯವನು. ಅಪ್ಪ ಊರ ಮನೆಗಳಿಗೆ ಹೋಗಿ ಹುಟ್ಟಿದ ಕೂಸುಗಳಿಗೆ ಲಿಂಗ ಕಟ್ಟುತ್ತಿದ್ದರು. ಅವರ ಮಗ ಆಕಳ ಹಿಂದೆ ನಿಂತು ಹೆಗಲ ತನಕ ಕೈ ತೂರಿಸುವ ನೌಕರಿ ಹಿಡಿದ. ರೈತರಿಗೆ ಇದರಿಂದ ಬಹಳ ಫಜೀತಿ. ಮೊದಲು ನನ್ನ ಪಾದ ಮುಟ್ಟಬೇಕು, ಆಮೇಲೆ ನನ್ನ ತೋಳಿಗೆ ಕುಸುಬಿ ಎಣ್ಣೆ ಸುರಿಯಬೇಕು, ಕೆಲಸ ಮುಗಿದ ಮೇಲೆ ನನ್ನನ್ನು ಎಲ್ಲಿ ಕೂಡಿಸಬೇಕೆಂದು ತಿಳಿಯದೆ ಎಲ್ಲರೂ ನಿಂತೇ ಇರಬೇಕು.

ಹೈದರಾಬಾದಿನಲ್ಲಿ ನಮಗೆ ಕಲಿಸಿದ ಉಸ್ತಾದರು ಕಾವಿಗೆ ಕೂಡಿಸಿದ ಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ತೋರಿಸುತ್ತಿದ್ದರು. ಮೊಟ್ಟೆ ಎಂದರೆ ಮೂಗು ಮುಚ್ಚುವ ಮನೆಯಿಂದ ಹೋದ ನಾನು ಕಣ್ಣು ಅರ್ಧ ಮುಚ್ಚಿಕೊಂಡೇ ನೋಡಿದೆ. ಮೊದಲಿಗೆ ಹಳದಿಯ ಮೇಲೆ ತೆಳ್ಳನೆಯ ಒಂದು ಎಲೆ. ಆ ಎಲೆಯ ನಡುವೆ ಒಂದು ಗೆರೆ. ಮರುದಿನ ಗೆರೆ ಮಡಚಿ ಬೆನ್ನು. ಆಮೇಲೆ ಎಲೆಯ ಅಂಚುಗಳು ಕೆಳಗೆ ಬಾಗಿ ಒಂದನ್ನೊಂದು ಮುಟ್ಟಿದರೆ ಹೊಟ್ಟೆ. ನಡುವೆ ಒಂದು ಕೆಂಪು ಚುಕ್ಕೆ ಹೊಡೆದುಕೊಳ್ಳುತ್ತದೆ, ಮೊದಲು ನೆಟ್ಟಗೆ, ಆಮೇಲೆ ಒಂದು ಬದಿಗೆ ಬಾಗುತ್ತದೆ. ಅದು ಹೃದಯ. "ತಲೆ ಎಲ್ಲಿ, ಬಾಲ ಎಲ್ಲಿ, ಬೆನ್ನು ಎಲ್ಲಿ, ಹೊಟ್ಟೆ ಎಲ್ಲಿ, ಎಡ ಯಾವುದು, ಬಲ ಯಾವುದು, ಎಲ್ಲಾ ಮೊದಲ ದಿನಗಳಲ್ಲೇ ಪಕ್ಕಾ ಆಗ್ತದೆ. ಆಮೇಲೆ ಬರೀ ಬೆಳೆಯುವುದು," ಎಂದರು ಉಸ್ತಾದರು. ಸಹಪಾಠಿಗಳು ಅಜಬ ಎಂದರು. ಇಷ್ಟು ಸಣ್ಣ ಜಾಗದಲ್ಲಿ, ಇಷ್ಟು ಬೇಗ, ಹೇಳುವವರು ಯಾರೂ ಇಲ್ಲದೆ ಇಷ್ಟೆಲ್ಲ ಸರಿ ಆಗಬೇಕೇ ಎಂದು ನನಗೆ ಬೆವರು ಬಂತು. ಅಂದಿನಿಂದ ಸರಿಯಾಗಿ ಹುಟ್ಟಿದ ಯಾವ ಕರು ಕಂಡರೂ ಏನೋ ತಪ್ಪಿಸಿಕೊಂಡು ಬಂದಿದೆ ಅನಿಸುತ್ತದೆ.

ನೌಕರಿಗೆ ಹೋದ ಮೇಲೆ ತಪ್ಪಿಸಿಕೊಳ್ಳದವುಗಳನ್ನೂ ಕಂಡೆ. ನಿಲಂಗಾದಲ್ಲಿ ಒಬ್ಬ ಕುರುಬ ಕಂಬಳಿಯಲ್ಲಿ ಸುತ್ತಿಕೊಂಡು ಒಂದು ಮರಿ ತಂದ. ಹಣೆಯ ನಡುವೆ ಒಂದೇ ಕಣ್ಣು, ಮೂಗಿಲ್ಲ. ಆಗಲೇ ಸತ್ತಿತ್ತು. ಏನು ಮಾಡಬೇಕು ಎಂದು ಅಂವಾ ಕೇಳಲಿಲ್ಲ. "ತಾಯಿಗಿ ತೋರಿಸ್ಲೇನ್ರಿ, ಬ್ಯಾಡೇನ್ರಿ? ಒದರಲಾಕತ್ತದ," ಎಂದು ಕೇಳಿದ. ಶಾಲೆಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಮುಖ ಮುಚ್ಚಿ ತೋರಿಸು ಎಂದೆ. ಅಂವಾ ಹಾಗೇ ಮಾಡಿದನಂತೆ. ನನಗೆ ಮಾತ್ರ ಮುಚ್ಚಿದ ಕಂಬಳಿ ಕಂಡರೆ ಇಂದಿಗೂ ಸರಿ ಬರುವುದಿಲ್ಲ.

ಉದಗೀರಕ್ಕೆ ಬದಲಿಯಾದಾಗ ಕಸಾಯಿಖಾನೆಯ ತಪಾಸಣೆ ಕೂಡ ನನ್ನ ಪಾಲಿಗೆ ಬಂತು. ಗೋಡೆ ಕಡೆ ಮುಖ ಮಾಡಿ ನಿಂತು "ಠೀಕ್ ಅದ, ಠೀಕ್ ಅದ" ಎನ್ನುವುದೇ ನನ್ನ ತಪಾಸಣೆ. ಒಂದು ದಿನ ಅಲ್ಲಿನ ಹಿರಿಯ ಕಸಾಯಿ, "ಸಲೋತ್ರಿ ಸಾಬ, ಆಜ್ ಜರಾ ಇಧರ್ ಬೀ ದೇಖೋ," ಎಂದು ಕರೆದ. ಸೀಳಿ ತೂಗುಹಾಕಿದ ಟಗರು. ಎಡಕ್ಕಿರಬೇಕಾದ ಹೃದಯ ಬಲಕ್ಕೆ, ಬಲಕ್ಕಿರಬೇಕಾದ ಪಿತ್ತಜನಕ ಎಡಕ್ಕೆ, ಹೊಟ್ಟೆಯ ಚೀಲವೆಲ್ಲ ಆ ಕಡೆಯದು ಈ ಕಡೆ. ಕನ್ನಡಿಯಲ್ಲಿ ನೋಡಿದ ಹಾಗೆ. "ರೋಗ ಇತ್ತಾ?" ಎಂದೆ. ಅಂವಾ ನಕ್ಕ. "ಪೂರೇ ಹಿಂಡಿನಾಗ ಇದೇ ಎಲ್ಲಾಕಿಂತ ದಪ್ಪ ಇತ್ತು ಸಾಬ." ನಾನು ಜೀವನದಲ್ಲಿ ಮೊದಲ ಸಲ ಗೋಡೆ ಬಿಟ್ಟು ಮಾಂಸದ ಕಡೆ ತಿರುಗಿ, ಬಹಳ ಹೊತ್ತು ನೋಡಿದೆ. ಎಲ್ಲವೂ ಒಟ್ಟಿಗೇ ತಿರುಗಿದ್ದರಿಂದ ನಳಿಗೆಗೆ ನಳಿಗೆ ಸರಿಯಾಗಿ ಕೂಡಿದ್ದವು. ಒಂದು ತಿರುಗಿ ಇನ್ನೊಂದು ತಿರುಗದಿದ್ದರೆ ಮಾತ್ರ ತೊಡಕು ಎಂದು ಆಗ ತಿಳಿಯಿತು.

ಅದೇ ಉದಗೀರದಲ್ಲಿ ದೊಡ್ಡ ಸಾಹೇಬರು ಒಮ್ಮೆ ನಾನು ಸೂಜಿಯನ್ನು ಮತ್ತೆ ಮತ್ತೆ ನೋಡುವುದನ್ನು ಕಂಡು, "ಕ್ಯೋಂ ಸಲೋತ್ರಿ, ಡರತೇ ಹೋ?" ಎಂದರು.

"ಜೀ ಹುಜೂರ್."

"ಡರೋ. ಡರನೇವಾಲಾ ದೋ ಬಾರ್ ದೇಖತಾ ಹೈ."

ಅಂಜುವವನು ಎರಡು ಸಲ ನೋಡುತ್ತಾನೆ ಎನ್ನುವುದು ಬೈಗುಳವೋ ಮೆಚ್ಚಿಗೆಯೋ ಎಂದು ನಾನು ಆ ವಾರವೆಲ್ಲ ಚಿಂತೆ ಮಾಡಿದೆ.

ಇನ್ನು ನೀಲಮ್ಮನ ಸಂಗತಿ. ದೇವಣಿ ಹತ್ತಿರದ ಹಳ್ಳಿಯೊಂದರಲ್ಲಿ ಕಾಶಮ್ಮ ಎಂಬ ವಿಧವೆಯ ಮನೆ. ಒಬ್ಬನೇ ಮಗ ಬಸಪ್ಪ, ಸಾಸ್ತೂರದಿಂದ ತಂದ ಸೊಸೆ ನೀಲಮ್ಮ. ಅವರ ಆಕಳು ಮೈಯೆಲ್ಲ ಬಿಳಿ, ಮುಖದ ಎರಡೂ ಬದಿ ಕಪ್ಪು, ದೇವಣಿ ತಳಿಯಲ್ಲೇ ಚೆಲುವಿ. ಹಿಂದಿನ ದಿನದಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ ಎಂದು ಬಸಪ್ಪ ಉದಗೀರಕ್ಕೆ ಓಡಿ ಬಂದಿದ್ದ. ನಾವು ಹೋದಾಗ ಮಧ್ಯಾಹ್ನದ ಬಿಸಿಲು.

"ಅಯ್ಯನೋರೆ, ಶರಣ್ರಿ," ಎಂದು ಕಾಶಮ್ಮ ಪಾದ ಮುಟ್ಟಿದಳು. ಎದ್ದವಳೇ, "ಕೈ ಚಲೋ ತೊಳ್ಕೊಂಡೀರೇನ್ರಿ?" ಎಂದಳು.

ಎಣ್ಣೆ ಹಚ್ಚಿಕೊಂಡು ಕೈ ಹಾಕಿದೆ. ಕರುವಿನ ಕಾಲು ಸಿಗಬೇಕು, ಇಲ್ಲವೇ ಮೂಗು ಸಿಗಬೇಕು. ನನ್ನ ಬೆರಳಿಗೆ ಸಿಕ್ಕಿದ್ದು ಕರುಳು. ಬಿಸಿ, ಜಾರುವ, ಸುರುಳಿ ಸುರುಳಿ ಕರುಳು. ಗರ್ಭಚೀಲ ಹರಿದು ಆಕಳ ಕರುಳೇ ಒಳಗೆ ಇಳಿದಿದೆ ಎಂದುಕೊಂಡೆ. ಹಾಗಾದರೆ ಆ ಜೀವಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಕೈ ಹೊರಗೆ ತೆಗೆದು ಹೇಳಿಯೂ ಬಿಟ್ಟೆ: "ಚೀಲ ಹರದದ ಕಾಶಮ್ಮಾ. ಆಕಳ ಉಳಿಯೂದಿಲ್ಲ."

ಕಾಶಮ್ಮ ನೆಲಕ್ಕೆ ಕೂತಳು. ಬಸಪ್ಪ ಆಕಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ನೀಲಮ್ಮ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಕಾಣುವಷ್ಟು ಬಸುರಿ, ಐದು ತಿಂಗಳಿರಬೇಕು.

ಕೀಲಿ ಹಾಕಿ ಮತ್ತೆ ಬಂದು ಜಗ್ಗಿ ನೋಡುವ ಚಟ ನನ್ನದು. ಅದೇ ಚಟಕ್ಕೆ ಮತ್ತೆ ಕೈ ಹಾಕಿದೆ. ಈ ಸಲ ಕರುಳಿನ ಸಂದಿಯಲ್ಲಿ ಬೆರಳಿಗೆ ಗುಬ್ಬಿಯಷ್ಟು ಏನೋ ತಗುಲಿತು. ಹೊಡೆದುಕೊಳ್ಳುತ್ತಿತ್ತು. ಬರಿಯ ಹೃದಯ, ಮೇಲೆ ಎಲುಬಿಲ್ಲ, ತೊಗಲಿಲ್ಲ, ನನ್ನ ಅಂಗೈಯಲ್ಲಿ ಟಪ ಟಪ ಎನ್ನುತ್ತಿತ್ತು. ಆಕಳ ನಾಡಿಗಿಂತ ಬಹಳ ಜೋರು.

ಅದು ಆಕಳದ್ದಲ್ಲ, ಕರುವಿನದು. ಕರುಳೂ ಕರುವಿನದೇ. ಎಲೆಯ ಅಂಚು ಕೆಳಗೆ ಬಾಗಿ ಕೂಡುವ ಬದಲು ಬೆನ್ನಿನ ಕಡೆ ಬಾಗಿತ್ತು. ಹೊಟ್ಟೆ ಮುಚ್ಚಿರಲೇ ಇಲ್ಲ, ಒಳಗಿನದೆಲ್ಲ ಹೊರಗೆ. ಗರ್ಭಚೀಲ ನೆಟ್ಟಗಿತ್ತು, ಆಕಳು ಉಳಿಯುತ್ತಿತ್ತು. ನನ್ನ ಬೆರಳುಗಳ ನಡುವೆ ಆ ಹೊಡೆತ ನಿಧಾನವಾಗಿ, ಆಮೇಲೆ ನಿಂತಿತು. ಬೆರಳಿಗೆ ಸಿಕ್ಕಿಸುವ ಸಣ್ಣ ಕತ್ತಿಯಿಂದ ಒಳಗೇ ತುಂಡು ಮಾಡಿ ತೆಗೆದೆ. "ಯಾರೂ ನೋಡಬ್ಯಾಡ್ರಿ," ಎಂದೆ. ಹಾಗಂದ ಕೂಡಲೇ ಎಲ್ಲರೂ ನೋಡಿದರು. ನೀಲಮ್ಮನೂ ನೋಡಿದಳು.

ಹೊತ್ತು ಇಳಿಯುವ ಮೊದಲು ಆಕಳು ಎದ್ದು ನಿಂತು ನೀರು ಕುಡಿಯಿತು. ನಾನು ಅಲ್ಲಿಗೇ ಎದ್ದು ಬರಬೇಕಿತ್ತು. ಎಲೆ ಅಡಿಕೆ ಕೊಟ್ಟರು, ಕೂತೆ.

"ಗ್ರಹಣ ಹಿಡದಾಗ ಬಸರ ಆಕಳ ಕೋಡಿಗಿ ಹಚ್ಚಂತ ಕಾವಿ ಕಲಸಿ ಕೊಟ್ಟಿದ್ನಿ ಈಕಿಗಿ," ಎಂದಳು ಕಾಶಮ್ಮ. "ಒಂದೇ ಕೋಡಿಗಿ ಹಚ್ಚಿ ಬಂದಾಳ. ಅದಕ್ಕೇ ಹಿಂಗಾಗ್ಯಾದ."

"ಇನ್ನೊಂದಕ್ಕ ಹಚ್ಚಲಾಕ ಹೋದ್ರ ಹಾಯಲಾಕ ಬಂತ್ರಿ ಅತ್ತಿ," ಎಂದಳು ನೀಲಮ್ಮ ಬಾಗಿಲೊಳಗಿಂದ. ಆಕೆಯ ಕೈ ತನ್ನ ಹೊಟ್ಟೆಯ ಮೇಲಿತ್ತು. ಕೋಡಿಗೆ ಕಾವಿ ತಪ್ಪಿದ್ದಕ್ಕೆ ಕರು ಹೀಗಾದರೆ, ಅದೇ ಗ್ರಹಣದ ಕೆಳಗೆ ಅಂಗಳದಲ್ಲಿ ನಿಂತಿದ್ದ ಆಕೆಯ ಕೂಸು ಹೇಗಾಗಬೇಕು? ಮನೆಯಲ್ಲಿ ಎಲ್ಲರ ತಲೆಯಲ್ಲೂ ಇದ್ದ ಪ್ರಶ್ನೆ ಅದು.

ಹುಡುಗಿಯನ್ನು ಬಿಡಿಸಬೇಕೆಂದು ನಾನು ಉಸ್ತಾದನಾದೆ. ಕೈಯಲ್ಲಿದ್ದ ವೀಳ್ಯದೆಲೆ ತೋರಿಸಿ, "ನೋಡ್ರಿ ಕಾಶಮ್ಮಾ, ಕರ ಮೊದಲಿಗಿ ಈ ಎಲಿ ಹಂಗ ಇರ್ತದ. ಹಿಂಗ ಮಡಚಿದ್ರ ಅಡಿಕಿ ಒಳಗ. ತಿರುವಿ ಮಡಚಿದ್ರ ಅಡಿಕಿ ಹೊರಗ. ಈ ಮಡಚೂದು ಹೋರಿ ಕೊಡಿಸಿದ ತಿಂಗಳದಾಗೇ ಮುಗದು ಹೋಗ್ತದ. ಗ್ರಹಣ ಆದದ್ದು ಮೊನ್ನಿ ಮೊನ್ನಿ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದೆ.

ಕಾಶಮ್ಮ ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಎರಡೂ ರೀತಿ ಮಡಚಿ ನೋಡಿದಳು. ಒಪ್ಪಿದಳು. ನನಗೆ ಬಹಳ ಖುಷಿಯಾಯಿತು. ಆಮೇಲೆ ಆಕೆ ಬೆರಳ ಗೆಣ್ಣು ಎಣಿಸತೊಡಗಿದಳು.

"ಹೋರಿ ಕೊಡಿಸಿದಾಗ ಲಗ್ನದ ಹಂದರ ಇನ್ನಾ ಬಿಚ್ಚಿದ್ದಿಲ್ಲ," ಎಂದಳು ಮೆಲ್ಲಗೆ. "ಈಕಿ ನಮ್ಮ ಹೊಸ್ತಿಲ ದಾಟಿದ ತಿಂಗಳ ಅದು."

ಒಂದು ಕೋಡಿನ ತಪ್ಪಿನಿಂದ ಬಿಡಿಸಲು ಹೋಗಿ, ಹುಡುಗಿ ಆ ಮನೆಗೆ ಬಂದದ್ದೇ ತಪ್ಪು ಎಂದು ನಾನು ಸಾಬೀತು ಮಾಡಿಕೊಟ್ಟಿದ್ದೆ.

"ಹೋರಿ ಕಡಿಂದರೆ ಬಂದಿರಬಹುದು," ಎಂದೆ ಗಡಿಬಿಡಿಯಲ್ಲಿ.

"ಆ ಹೋರಿ ಮಠದ ಬಸವಣ್ಣರಿ. ಬಸವಣ್ಣಗ ತಪ್ಪ ಅಂತೀರೇನ್ರಿ?"

"ಇಲ್ಲಿಲ್ಲ. ಆಕಳ ತಾಯಿ ಕಡಿಂದ..."

"ಇದರ ಅವ್ವ ನನ್ನ ತವರಿಂದ ಬಂದದ್ದು."

"ಯಾರ ತಪ್ಪೂ ಅಲ್ಲ ಕಾಶಮ್ಮಾ."

"ಯಾರ ತಪ್ಪೂ ಅಲ್ಲ ಅಂದ್ರ ಹೆಂಗ್ರಿ ಅಯ್ಯನೋರೆ? ಇಷ್ಟ ದೊಡ್ಡ ತಪ್ಪಿಗಿ ಒಬ್ಬರರೆ ಇರಬೇಕಲ್ಲ?" ಎಂದಳು. ಆಮೇಲೆ ಸೊಸೆಯ ಕಡೆ ನೋಡದೆಯೇ, "ನಾ ಬೈಲಾಕತ್ತಿಲ್ಲ. ನನಗ ಅಂಜಿಕಿ ಬರ್ಲಾಕತ್ತದ. ಹೆತ್ತಿದ್ದರಾಗ ಇಂವಾ ಒಬ್ಬನೇ ಉಳದಾನ ನನಗ," ಎಂದಳು.

ಅಂಜುವವರನ್ನು ನಾನು ಗುರುತು ಹಿಡಿಯಬಲ್ಲೆ. ಆಕೆ ನನ್ನ ಜಾತಿಯವಳೇ.

ಹೊರಡುವಾಗ ನೀಲಮ್ಮ ಕೈಗೆ ನೀರು ಹಾಕಲು ತಂಬಿಗೆ ಹಿಡಿದು ಬಂದಳು. "ಅದು ನಿಮ್ಮ ಕೈಯಾಗ ಹೊಡ್ಕೋತಿತ್ತೇನ್ರಿ?" ಎಂದಳು.

"ಹೌದವ್ವಾ. ಸ್ವಲ್ಪ ಹೊತ್ತು."

ತಂಬಿಗೆ ಬರಿದಾದ ಮೇಲೂ ಹಾಗೇ ಬಗ್ಗಿಸಿ ಹಿಡಿದು ನಿಂತಿದ್ದಳು.

ಅದಾದ ಮೇಲೆ ನನಗೆ ಉಮರ್ಗಾಕ್ಕೆ ಬದಲಿಯಾಯಿತು. ಸಾಸ್ತೂರದಿಂದ ಆಳು ಬಂದದ್ದು ಅಲ್ಲಿಗೆ. ಈಗ ನನ್ನ ತಟ್ಟಿನ ಮೇಲೆ ಕೂತು ಬಂದ ಅಂಜಿಕೆ ನಿಮಗೆ ಅರ್ಥವಾದೀತು.

ನೀಲಮ್ಮನ ಅಪ್ಪ ಕೊಟ್ಟಿಗೆಗೆ ಕರೆದೊಯ್ದರು. ಆಕಳು ಜೋಳದ ಸೊಪ್ಪಿ ಮೇಯುತ್ತಿತ್ತು. ನನಗಿಂತ ಆರೋಗ್ಯವಾಗಿತ್ತು.

"ಮಗಳ ಹಿಂಗ ಹೇಳಿ ಕರಸಂದಳ್ರಿ," ಎಂದು ಅವರು ತಲೆ ತುರಿಸಿಕೊಂಡು ಹೊರಗೆ ಹೋದರು.

ನೀಲಮ್ಮ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಗಂಡು. "ಆಕಳಿಗಿ ಏನೂ ಆಗಿಲ್ರಿ ಅಯ್ಯನೋರೆ. ಖರೆ ಹೇಳಿದ್ರ ಅವ್ವಾ ಅಂಜತಾಳ. ನೀವಂದ್ರ ಮೊದಲೇ ಅಂಜಿರ್ತೀರಿ."

ನಾನು ಕೂಸನ್ನು ಕರುವಿನಂತೆಯೇ ತಪಾಸಣೆ ಮಾಡಿದೆ, ನನಗೆ ಬರುವುದು ಅದೊಂದೇ. ಎರಡು ಕಣ್ಣು. ಬಾಯಲ್ಲಿ ಕಿರುಬೆರಳು ಹಾಕಿದೆ, ಅಂಗುಳು ಪೂರ್ತಿ ಇತ್ತು. ಬೋರಲು ಹಾಕಿ ಬೆನ್ನು ಸವರಿದೆ, ಮುಚ್ಚಿತ್ತು. ಹೊಕ್ಕುಳು ಒಣಗಿತ್ತು. ಬೆರಳು ಎಣಿಸಿದೆ, ನಂಬದೆ ಮತ್ತೆ ಎಣಿಸಿದೆ.

"ಕಣ್ಣಿಗಿ ಕಾಣೂದಲ್ರಿ. ಕಿವಿ ಇಡ್ರಿ."

ಎದೆಯ ಎಡಕ್ಕೆ ಕಿವಿ ಇಟ್ಟೆ. ಸದ್ದು ಎಲ್ಲೋ ದೂರದಲ್ಲಿತ್ತು, ಗೋಡೆಯಾಚೆ ಯಾರೋ ಕುಟ್ಟಿದ ಹಾಗೆ. ನನ್ನ ಅಂಗೈ ತಾನಾಗಿಯೇ ಮಡಚಿಕೊಂಡಿತು. ಅಂದು ಅದರೊಳಗೆ ನಿಂತುಹೋದ ಹೊಡೆತ ಅದಕ್ಕೆ ನೆನಪಿತ್ತು.

"ಅಲ್ಲಲ್ರಿ," ಎಂದಳು ನೀಲಮ್ಮ. ಕೂಸಿನ ಕೊರಳಿಗೆ ಕಟ್ಟಿದ್ದ ಲಿಂಗದ ವಸ್ತ್ರವನ್ನು ಬದಿಗೆ ಸರಿಸಿದಳು. "ಈ ಕಡಿ."

ಬಲಕ್ಕೆ ಇಟ್ಟೆ. ಕಿವಿಯೊಳಗೇ ಹೊಡೆಯಿತು.

"ಹೆಗಲಿಗಿ ಹಾಕ್ಕೊಂಡಾಗ ಗೊತ್ತಾಯ್ತ್ರಿ. ಯಾರಿಗೂ ಹೇಳಿಲ್ಲ. ಆ ಕರದ ಎದಿನೂ ಇರೂ ಜಾಗಾದಾಗ ಇದ್ದಿದ್ದಿಲ್ಲ. ಇಂವಾ ಉಳಿತಾನೇನ್ರಿ?"

ನನಗೆ ಟಗರು ನೆನಪಾಯಿತು. ಎಲ್ಲವೂ ತಿರುಗಿದ್ದರೆ ಸರಿ. ಹೃದಯವೊಂದೇ ತಿರುಗಿದ್ದರೆ ಏನು ಹೇಳಬೇಕೋ ನನಗೆ ಗೊತ್ತಿರಲಿಲ್ಲ. ಬೆರಳು ಬಿಸಿ ಮಾಡಿಕೊಂಡು ಕೂಸಿನ ಪಕ್ಕೆಲುಬಿನ ಕೆಳಗೆ ಬಲಕ್ಕೆ ಒತ್ತಿದೆ. ಮೆತ್ತಗಿತ್ತು, ಏನೂ ಸಿಗಲಿಲ್ಲ. ಎಡಕ್ಕೆ ಒತ್ತಿದೆ. ಪಿತ್ತಜನಕದ ಅಂಚು ಬೆರಳಿಗೆ ಬಂತು. ಎರಡನೆಯ ಸಲ ಒತ್ತಿದೆ. ಅಲ್ಲೇ ಇತ್ತು. ಕೂಸು ಸಿಟ್ಟಿಗೆದ್ದು ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು.

"ಎಲ್ಲಾ ಒಟ್ಟಿಗೇ ತಿರುಗಿ ಕೂತಾವ ಅವ್ವಾ. ಒಂದಕ್ಕೊಂದು ಹೊಂದ್ಯಾವ. ಹಿಂಗ ಇದ್ದದ್ದು ಒಂದು ಟಗರ ನೋಡೀನಿ ಉದಗೀರದಾಗ. ಹಿಂಡಿನಾಗೇ ದಪ್ಪಂದು."

"ಎಷ್ಟ ವರ್ಷ ಬದುಕಿತ್ರಿ?"

ಅದನ್ನು ಎಲ್ಲಿ ನೋಡಿದ್ದೆ ಎಂದು ಹೇಗೆ ಹೇಳಲಿ? "ಬ್ಯಾನಿ ಬಂದು ಸಾಯಲಿಲ್ಲ," ಎಂದೆ. ನೀಲಮ್ಮ ನನ್ನ ಮುಖ ನೋಡಿದಳು, ತಿಳಿದುಕೊಂಡಳು, ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ನಿಂತ ಮೇಲೆ ಕೇಳಿದಳು, "ಇದು ಯಾವಾಗ ಆಗ್ಯಾದ್ರಿ?"

ಒಮ್ಮೆ ಎಲೆ ಮಡಚಿ ತೋರಿಸಿ ಸುಟ್ಟುಕೊಂಡ ಬಾಯಿ ನನ್ನದು. ಬಹಳ ಹೊತ್ತು ಯೋಚಿಸಿ ಹೇಳಿದೆ: "ನೀ ಬಸರಿ ಅಂತ ನಿನಗೇ ಗೊತ್ತಾಗೂಕಿಂತ ಮೊದಲ."

"ಗ್ರಹಣಕ್ಕಿಂತ ಮೊದಲ?"

"ಬಹಳ ಮೊದಲ."

"ಆ ಕರ ನೋಡಿದ್ದಕ್ಕಿಂತ?"

"ಅದಕ್ಕೂ ಮೊದಲ."

ಆಕೆ ಉಸಿರು ಬಿಟ್ಟಳು. ಅವತ್ತು ತಂಬಿಗೆ ಬಗ್ಗಿಸಿ ನಿಂತಾಗಿನಿಂದ ಹಿಡಿದಿಟ್ಟ ಉಸಿರು ಅದು ಎಂದು ನನಗೆ ಅನಿಸಿತು.

"ಅತ್ತಿಗಿ ನಾನೇ ಹೇಳ್ತೀನ್ರಿ. ಇಂವಾ ಅಂಗಳದಾಗ ಓಡಲಾಕ ಹತ್ತಿದ ಮ್ಯಾಲ. ಆಕಿ ಮೊದಲ ಕೇಳೂದು, ಕಾವಿ ಯಾವ ಕೋಡಿಗಿ ಹಚ್ಚಿದ್ದಿ ಅಂತ."

"ಯಾವುದಕ್ಕ ಹಚ್ಚಿದ್ದಿ?"

"ಬಲಗೋಡಿಗ್ರಿ."

ಇಬ್ಬರೂ ಕೂಸಿನ ಬಲ ಎದೆಯ ಕಡೆ ನೋಡಿದೆವು.

ಹುಡುಗರೇ, ಕಿವಿ ಇಡುವಾಗ ಎರಡೂ ಕಡೆ ಇಡಿ. ಕೈ ಹಾಕಿದ ಮೇಲೆ ಇನ್ನೊಮ್ಮೆ ಹಾಕಿ. ತಿಂಗಳ ಲೆಕ್ಕ ಹೇಳುವ ಮೊದಲು ಆ ಮನೆಯಲ್ಲಿ ಯಾವ ತಿಂಗಳು ಏನಾಯಿತೆಂದು ಕೇಳಿಕೊಳ್ಳಿ. ಕಲಿಸಲು ನನ್ನ ಹತ್ತಿರ ಇರುವುದು ಇಷ್ಟೇ.

ವಾಪಸು ಬರುವಾಗ ತಟ್ಟು ಎಡವಲಿಲ್ಲ. ಹಳ್ಳ ಒಣಗಿತ್ತು. ಸೀಸೆ ಒಡೆಯಲಿಲ್ಲ. ಸಾಹೇಬರು ಬಂದಿರಲಿಲ್ಲ. ಭುಜಕ್ಕೆ ಕೆಲಸವೇ ಬಿದ್ದಿರಲಿಲ್ಲ. ಕೂಸಿನ ಕಣ್ಣು, ಅಂಗುಳು, ಬೆನ್ನು, ಹೊಟ್ಟೆ, ನಾನು ಅಂಜಿದ್ದೆಲ್ಲವೂ ನೆಟ್ಟಗಿದ್ದವು. ಆದದ್ದು ನಾನು ಅಂಜಲು ಮರೆತಿದ್ದ ಒಂದೇ ಒಂದು: ಹೃದಯ ಬಲಕ್ಕಿತ್ತು. ನಾನು ಎದ್ದು ಬರುವಾಗ ಅವನವ್ವ ಲಿಂಗದ ವಸ್ತ್ರವನ್ನೂ ಬಲಕ್ಕೆ ಸರಿಸಿ, ಅದು ಅಲ್ಲೇ ನಿಲ್ಲುವ ಹಾಗೆ ದಾರ ಗಿಡ್ಡ ಮಾಡಿ ಗಂಟು ಹಾಕುತ್ತಿದ್ದಳು.